ಅಭಯದಾನ

2024ರ ಮೇ ತಿಂಗಳ ಕೊನೆಯಲ್ಲಿ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಿಂದ ನನಗೊಂದು ಕರೆ ಬಂದಿತು. ಶಾಲೆಗಳು ತೆರೆಯುವ ಮುನ್ನ ಸುತ್ತಲಿನ ನಾಲ್ಕೈದು ಊರುಗಳ ಶಿಕ್ಷಕರು ಒಂದೆಡೆ ಸೇರುವರೆಂದೂ, ಹೊಸ ಶೈಕ್ಷಣಿಕ ವರ್ಷದ ಸವಾಲುಗಳನ್ನು ಎದುರಿಸಲು ಅವರಲ್ಲಿ ಹುರುಪು ತುಂಬುವಂತೆ ನಾನು ಒಂದು ಗಂಟೆ ಮಾತನಾಡಬೇಕೆಂದೂ ಅಲ್ಲಿಯ ಮುಖ್ಯೋಪಾಧ್ಯಾಯರು ಕೇಳಿಕೊಂಡರು. ಶಾಸನ, ಹಸ್ತಪ್ರತಿ, ಹಳಗನ್ನಡವೆಂದು ಕಾಲ ಕಳೆದವನಿಗೆ ಹುರುಪು ತುಂಬುವ ವಿದ್ಯೆ ಎಲ್ಲಿಂದ ಬರಬೇಕು? ಆದರೂ ಒಪ್ಪಿಕೊಂಡೆ. ಒಪ್ಪಿಕೊಳ್ಳಲು ಒಂದು ಹಳೆಯ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಹುಬ್ಬಳ್ಳಿಯಿಂದ ಕುಸುಗಲ್ಲು, ಹೆಬಸೂರು ದಾಟಿ ನವಲಗುಂದಕ್ಕೆ ಹೋಗುವ ದಾರಿ ಎರೆಭೂಮಿಯ ದಾರಿ. ಕಣ್ಣು ಹಾಯುವವರೆಗೆ ಒಂದು ಗುಡ್ಡ ಅಡ್ಡ ಬರುವುದಿಲ್ಲ. ಹಿಂದಿನ ವರ್ಷ, 2023ರಲ್ಲಿ, ಬರ ಬಿದ್ದಿತ್ತು. ಹೊಲಗಳಲ್ಲಿ ಬಿರಿದ ನೆಲ ಇನ್ನೂ ಬಾಯಿ ತೆರೆದೇ ಇತ್ತು. ಆ ವಾರ ಎರಡು ಅಡ್ಡಮಳೆಗಳು ಬಿದ್ದಿದ್ದರಿಂದ ಅಲ್ಲಲ್ಲಿ ಕುಂಟೆ ಹೊಡೆಯುತ್ತಿದ್ದರು, ಹೆಸರು ಬಿತ್ತುವ ಸಿದ್ಧತೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು, ನಾನು ಶಾಲೆಗೆ ಹೊರಟಿದ್ದೇನೆಂದು ತಿಳಿದೊಡನೆ, "ರಿಜಲ್ಟ್ ಬಿದ್ದೈತಂತಲ್ರಿ" ಎಂದರು. ಮಳೆ ಬಿದ್ದ ಸುದ್ದಿಗಿಂತ ಫಲಿತಾಂಶ ಬಿದ್ದ ಸುದ್ದಿ ಮುಂದೆ ಓಡಿತ್ತು.

ಬಿದ್ದದ್ದು ನಿಜ. 2023ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿದಿತ್ತು. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇರಿಸಿ ವೆಬ್‌ಕಾಸ್ಟಿಂಗ್ ಮಾಡಿದರು. ಶೇ 20ರಷ್ಟು ಕೃಪಾಂಕ ಸೇರಿಸಿದ ಮೇಲೂ ಉಳಿದದ್ದು ಅಷ್ಟು. ಈ ಅಂಕಿಗಳನ್ನು ಓದುವಾಗ ಒಂದು ಮಾತು ಯಾರಿಗೂ ಹೊಳೆಯದೆ ಇರದು: ಹಿಂದಿನ ವರ್ಷಗಳ ದೊಡ್ಡ ಅಂಕಿ ಎಷ್ಟರಮಟ್ಟಿಗೆ ಮಕ್ಕಳದಾಗಿತ್ತು? ಆದರೆ ಲೆಕ್ಕ ಕೇಳುವವರು ಆ ಪ್ರಶ್ನೆಯ ಕಡೆ ಹೋಗುವುದಿಲ್ಲ. ಇಳಿದ ಅಂಕಿಗೆ ಕಾರಣ ಬರೆದು ಕೊಡಿ ಎಂದು ಶಿಕ್ಷಕನನ್ನೇ ಕೇಳುತ್ತಾರೆ.

ಸಭೆಯಲ್ಲಿ ಮೂವತ್ತು ನಲವತ್ತು ಜನರಿದ್ದರು. ಸೆಖೆ. ಎರಡು ಫ್ಯಾನುಗಳಲ್ಲಿ ಒಂದು ತಿರುಗುತ್ತಿತ್ತು, ಎಲ್ಲರೂ ಅದರ ಕೆಳಗೇ ಕುರ್ಚಿ ಎಳೆದುಕೊಂಡಿದ್ದರು. ನನ್ನ ಬಳಿ ಇದ್ದದ್ದು ನನ್ನ ಸರಕು. ಅದನ್ನೇ ಬಿಚ್ಚಿದೆ.

ಮೊದಲು ಸಾಲೋಟಗಿಯ ಶಾಸನ. ವಿಜಯಪುರ ಸೀಮೆಯ ಆ ಊರಿನಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ 945ರಲ್ಲಿ ದಾನ ಬಿಟ್ಟದ್ದನ್ನು ಅದು ಹೇಳುತ್ತದೆ. ಬೇರೆ ಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳು, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ, ದೀಪಗಳಿಗಾಗಿಯೇ ಬೇರೆ 12 ನಿವರ್ತನ. ಈ ಕೊನೆಯ ವಿವರ ನನಗೆ ಯಾವಾಗಲೂ ಪ್ರಿಯವಾದದ್ದು. ಓದುವವನಿಗೆ ರಾತ್ರಿ ಎಣ್ಣೆ ಬೇಕು, ಎಣ್ಣೆಗೆ ಹೊಲ ಬೇಕು ಎಂದು ಹತ್ತನೆಯ ಶತಮಾನದ ದಾನಿಗಳಿಗೆ ಹೊಳೆದಿತ್ತು. ಉಪಾಧ್ಯಾಯನ ಜೀವಿತವನ್ನು ಹೊಗಳಿಕೆಯಿಂದ ಸಾಗಿಸಲಾಗದೆಂಬುದೂ ಹೊಳೆದಿತ್ತು.

ಅಲ್ಲಿಂದ ನೆರೆಯ ಅಣ್ಣಿಗೇರಿಗೆ ಬಂದೆ. ಬೆಳ್ವೊಲ ಮುನ್ನೂರರ ರಾಜಧಾನಿಯಾಗಿದ್ದ ಊರು, ಅಮೃತೇಶ್ವರನ ಊರು, ಈಚೆಗೆ ತಾಲ್ಲೂಕೆಂದೂ ಆಗಿದೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿಯುವುದು ಈಗಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಂಡೆಯಿಂದ. ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ ಶಾಸನವದು. ನಿಮ್ಮ ಪಕ್ಕದೂರಿನ ಹೆಣ್ಣುಮಗಳ ಹೆಸರು ದೂರದ ತೆಲುಗು ನಾಡಿನ ಗುಡ್ಡದ ಮೇಲೆ ಸಾವಿರ ವರ್ಷದಿಂದ ಇದೆಯೆಂದಾಗ ಮುಂದಿನ ಸಾಲಿನಲ್ಲಿ ಸ್ವಲ್ಪ ಚಲನೆ ಕಂಡಿತು.

ಆಮೇಲೆ ಡೆಪ್ಯುಟಿ ಚನ್ನಬಸಪ್ಪನವರು. ಧಾರವಾಡದಲ್ಲಿ ಶಿಕ್ಷಕರ ಸಭೆ ನಡೆದು ಆ ಹೆಸರು ಬಾರದಿದ್ದರೆ ಅದು ಸಭೆಯೇ ಅಲ್ಲ. 1833ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ, ಐವತ್ತನ್ನೂ ಮುಟ್ಟದ ಆಯುಷ್ಯ. ಮುಂಬಯಿ ಇಲಾಖೆಯ ಆಡಳಿತದಲ್ಲಿ ಈ ಭಾಗದ ಮಕ್ಕಳು ಮರಾಠಿ ಶಾಲೆಗೆ ಹೋಗಬೇಕಾಗಿದ್ದ ಕಾಲದಲ್ಲಿ ಊರೂರು ತಿರುಗಿ ಕನ್ನಡ ಶಾಲೆಗಳನ್ನು ನಿಲ್ಲಿಸಿದವರು. ಶಿಕ್ಷಕರನ್ನು ತಯಾರಿಸುವ ಧಾರವಾಡದ ಶಾಲೆಯ ಮುಖ್ಯಸ್ಥರಾಗಿದ್ದವರು, ಬಳಿಕ ಶಾಲೆಗಳ ಡೆಪ್ಯುಟಿ ಇನ್ಸ್‌ಪೆಕ್ಟರ್ ಆದದ್ದರಿಂದ ಹುದ್ದೆಯೇ ಹೆಸರಿಗೆ ಅಂಟಿಕೊಂಡಿತು. ಶೇಕ್ಸ್‌ಪಿಯರನ ಒಂದು ಪ್ರಹಸನವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಿಸಿದ್ದೂ (1871) ಅವರೇ. ಶಿಕ್ಷಕರಿಗಾಗಿ ಹೊರಟ ಪತ್ರಿಕೆಯ ಹೆಸರು 'ಮಠಪತ್ರಿಕೆ'. ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲೊಂದು ಮಾತನ್ನು ಗಮನಿಸಬೇಕು. ಈ ಭಾಗದಲ್ಲಿ ಮಠವೆಂದರೆ ಶಾಲೆಯೂ ಹೌದು. ಐಗಳು ಕಲಿಸುವ ಗಾಂವಠಿ ಮಠಕ್ಕೆ ಮಗುವನ್ನು ಹಾಕುವುದೆಂದರೆ ಅಕ್ಷರಕ್ಕೆ ಹಾಕುವುದು. ಇದನ್ನರಿಯದ ನನ್ನ ವಿದ್ಯಾರ್ಥಿಯೊಬ್ಬ ಆ ಪತ್ರಿಕೆಯನ್ನು ಧಾರ್ಮಿಕ ನಿಯತಕಾಲಿಕವೆಂದು ತನ್ನ ಪ್ರಬಂಧದಲ್ಲಿ ವರ್ಗೀಕರಿಸಿದ್ದ. ಅದರ ವಂಶವೇ ಇಂದು ಧಾರವಾಡದ ಡಯಟ್‌ನಿಂದ 'ಜೀವನ ಶಿಕ್ಷಣ'ವಾಗಿ ಬರುತ್ತಿದೆ.

ಇಷ್ಟು ಹೇಳಿ ನನ್ನ ಮುಕ್ತಾಯಕ್ಕೆ ಬಂದೆ. ಅದನ್ನು ಎರಡು ದಿನ ಕುಳಿತು ಸಿದ್ಧಪಡಿಸಿದ್ದೆ, ಸ್ವಲ್ಪ ಹೆಮ್ಮೆಯೂ ಇತ್ತು. ನಮ್ಮ ಬಸದಿಗಳ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಮತ್ತೆ ಮತ್ತೆ ಬರುವ ಒಂದು ಕ್ರಮವಿದೆ: ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳು. ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಲಕ್ಕುಂಡಿಯ ಅತ್ತಿಮಬ್ಬೆಯದು ಶಾಸ್ತ್ರದಾನ. ಇಂದು ಸರಕಾರಿ ಶಾಲೆಯೊಂದೇ ಈ ನಾಲ್ಕೂ ದಾನಗಳು ಒಂದೇ ಸೂರಿನಡಿ ನಡೆಯುವ ತಾಣವೆಂದು ನಾನು ಹೇಳಿದೆ. ಮಧ್ಯಾಹ್ನದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು: ಇದು ಆಹಾರ. ಕಬ್ಬಿಣಾಂಶದ ಗುಳಿಗೆ, ಜಂತುಹುಳುವಿನ ಔಷಧಿ: ಇದು ಭೈಷಜ್ಯ. ಉಚಿತ ಪಠ್ಯಪುಸ್ತಕ, ಪಾಠ: ಇದು ಶಾಸ್ತ್ರ. ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆಯಲ್ಲ, ಅದು ಅಭಯ. ನೀವು ನಾಲ್ಕೂ ದಾನಗಳ ಕೈಗಳು ಎಂದು ಮುಗಿಸಿದೆ. ಚಪ್ಪಾಳೆ ಬಂತು.

ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ, ಫ್ಯಾನಿನ ಗಾಳಿ ತಲುಪದ ಕಡೆಯಿಂದ, ಒಬ್ಬ ಶಿಕ್ಷಕಿ ಎದ್ದು ನಿಂತರು. ಕಲಘಟಗಿಯ ಕಡೆಯವರು, ಗಣಿತ ಕಲಿಸುವವರು. ಅತಿಥಿ ಶಿಕ್ಷಕಿ ಎಂಬುದು ಆಮೇಲೆ ತಿಳಿಯಿತು.

"ಸರ್, ನೀವು ಛಲೋ ಹೇಳಿದ್ರಿ. ಮೂರು ದಾನ ನಾವು ಮಾಡ್ತೇವಿ, ಅದು ಖರೆ. ಆದ್ರ ದಾನ ಅಂದ್ರ ನಮ್ಮ ಕಡೆ ಇದ್ದದ್ದನ್ನ ಕೊಡೋದು ಹೌದಲ್ಲೋ? ಅಭಯ ನಮ್ಮ ಕಡೆ ಎಲ್ಲೈತ್ರಿ? ನಮಗ ಅದನ್ನ ಯಾರು ಕೊಟ್ಟಾರ, ನಾವು ಮಕ್ಕಳಿಗೆ ಕೊಡಾಕ?"

ಮುಖ್ಯೋಪಾಧ್ಯಾಯರು ಏಳಲು ಹೋದರು. ನಾನು ಕೈ ಮಾಡಿ ಕೂರಿಸಿದೆ. ಆದರೆ ನನ್ನಲ್ಲೂ ಉತ್ತರವಿರಲಿಲ್ಲ. ಅವರು ಕುಳಿತುಕೊಳ್ಳದೆ ಮುಂದುವರಿಸಿದರು, ದನಿ ಏರಿಸದೆ. ಕಳೆದ ವರ್ಷ ತಿಂಗಳಿಗೆ 10,500 ರೂಪಾಯಿ ಗೌರವಧನ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ. ಈ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಆದರೂ ಸಭೆಗೆ ಬಂದಿದ್ದಾರೆ, ಬಸ್ಸಿಗೆ ಕೈಯಿಂದ ಹಾಕಿಕೊಂಡು. ತನ್ನ ವಿಷಯದಲ್ಲಿ ಹೆಚ್ಚು ಮಕ್ಕಳು ಅನುತ್ತೀರ್ಣರಾದದ್ದಕ್ಕೆ ವಿವರಣೆ ಬರೆದುಕೊಟ್ಟಿದ್ದಾರೆ. ಆ ಮಕ್ಕಳಲ್ಲಿ ಕೆಲವರು ಜನವರಿಯಿಂದ ಶಾಲೆಗೇ ಬಂದಿರಲಿಲ್ಲ. ಬರದ ವರ್ಷ, ಅಪ್ಪ ಅಮ್ಮನ ಜೊತೆ ದುಡಿಯಲು ಹೋಗಿದ್ದರು. ಅದನ್ನು ಬರೆದರೆ ಕಾರಣವೆನಿಸುವುದಿಲ್ಲ, ನೆಪವೆನಿಸುತ್ತದೆ.

ಅವರು ಕುಳಿತ ಮೇಲೆ ಉಳಿದವರೂ ಮಾತಾಡತೊಡಗಿದರು. ಒಬ್ಬರಿಗೆ ಸ್ಯಾಟ್ಸ್‌ನಲ್ಲಿ ಹಾಜರಾತಿ ತುಂಬುವುದರಲ್ಲೇ ಮೊದಲ ಅವಧಿ ಹೋಗುತ್ತದೆ. ಒಬ್ಬರು ಸಮಾಜ ವಿಜ್ಞಾನದವರು, ಹಿಂದಿಯನ್ನೂ ಕಲಿಸುತ್ತಾರೆ, ಹುದ್ದೆ ಖಾಲಿ. ಬೆಣ್ಣೆಹಳ್ಳ ತುಂಬಿದರೆ ಆಚೆಯ ಮಕ್ಕಳು ಬರಲಾರರು. ಇವೆಲ್ಲ ನನಗೆ ಹೊಸವಲ್ಲ, ಪತ್ರಿಕೆಗಳಲ್ಲಿ ಓದಿದ್ದೇ. ಆದರೆ ಅಲ್ಲಿ ಕೇಳಿಸಿದ್ದು ದೂರಿಗಿಂತ ಹೆಚ್ಚಾಗಿ ಭಯ. ಅದನ್ನು ನಾನು ಗುರುತಿಸಬಲ್ಲವನಾಗಿದ್ದೆ, ಏಕೆಂದರೆ ಅದು ಒಮ್ಮೆ ನನ್ನದೂ ಆಗಿತ್ತು.

ಈಗ ಆ ಹಳೆಯ ಕಾರಣವನ್ನು ಹೇಳಬೇಕು. ಅಂದು ಸಭೆಯಲ್ಲೂ ಹೇಳಿದೆ, ಹೇಳುವ ಯೋಚನೆ ಇರಲಿಲ್ಲ.

ವಿಶ್ವವಿದ್ಯಾಲಯಕ್ಕೆ ಬರುವ ಮುನ್ನ, 1984ರಲ್ಲಿ, ನಾನು ಕುಂದಗೋಳ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕನಾಗಿದ್ದೆ. ಮೆಣಸಿನಕಾಯಿಯ ಸೀಮೆ. ಜನವರಿ, ಫೆಬ್ರವರಿಯಲ್ಲಿ ಹೊಲಗಳು ಕೆಂಪಾದಾಗ ತರಗತಿಗಳು ಬರಿದಾಗುತ್ತಿದ್ದವು. ಕಾಯಿ ಬಿಡಿಸಲು ಕೈಗಳು ಬೇಕು, ಮಕ್ಕಳ ಕೈಗಳು ಚುರುಕು. ನಮ್ಮ ಶಾಲೆಗೆ ಹತ್ತನೆಯ ತರಗತಿಯ ಫಲಿತಾಂಶದ್ದೇ ಕೀರ್ತಿ. ಆ ಕೀರ್ತಿ ಉಳಿಯುವ ಉಪಾಯವೂ ಇತ್ತು, ಬರೆಯದೆ ಇದ್ದ ನಿಯಮ: ದಡ್ಡರೆನಿಸಿದವರನ್ನು ಒಂಬತ್ತರಲ್ಲೇ ತಡೆಯುವುದು, ಹಟ ಹಿಡಿದವರಿಗೆ ಖಾಸಗಿಯಾಗಿ ಪರೀಕ್ಷೆ ಕಟ್ಟಲು ಹೇಳುವುದು. ಹತ್ತಕ್ಕೆ ಹೋದವರೆಲ್ಲ ದಾಟುತ್ತಿದ್ದರು. ದಾಟದವರು ಲೆಕ್ಕಕ್ಕೇ ಬರುತ್ತಿರಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಾರ್ಚಿ ತಿಂಗಳ ಒಂದು ಸಂಜೆ ಒಂಬತ್ತನೆಯ ತರಗತಿಯ ಪಟ್ಟಿಯನ್ನು ನನ್ನ ಮುಂದೆ ಇಟ್ಟರು. ನಾಲ್ಕು ಹೆಸರುಗಳ ಎದುರು ಕನ್ನಡದ ಅಂಕ ಕಡಿಮೆ ಮಾಡಬೇಕಿತ್ತು, ಉಳಿದ ವಿಷಯದವರು ಆಗಲೇ ಮಾಡಿದ್ದರು. ಅವರಲ್ಲೊಬ್ಬ ಹುಡುಗ ಎರಡು ತಿಂಗಳು ಕಾಯಿ ಬಿಡಿಸಿ, ಬೆರಳುಗಳ ಉರಿ ಆರದೆ, ಪೆನ್ನು ಹಿಡಿಯಲು ಬಾರದೆ ಪರೀಕ್ಷೆ ಬರೆದಿದ್ದ. ಕನ್ನಡದಲ್ಲಿ ಅವನಿಗೆ ಬಂದದ್ದು 41. ನಾನು ನಾಲ್ಕನ್ನು ಎರಡು ಮಾಡಿದೆ. ಅಂಕಿ ತಿದ್ದುವುದು ಅಕ್ಷರ ತಿದ್ದುವುದಕ್ಕಿಂತ ಸುಲಭ.

ಸುಮಾರು ಹತ್ತು ವರ್ಷಗಳ ಹಿಂದೆ ಅಣ್ಣಿಗೇರಿಯಲ್ಲಿ ಬಸದಿಯನ್ನು ನೋಡಿ ಪೇಟೆಗೆ ಬಂದಾಗ ಒಂದು ಅಂಗಡಿಯಿಂದ "ಸರ್ರ" ಎಂದು ಯಾರೋ ಕೂಗಿದರು. ಅವನೇ. ಮೆಣಸಿನಕಾಯಿ ದಲಾಲಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಚಹಾ ತರಿಸಿದ, ಮಗಳ ಅಂಕಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿದ. "ನಾನಂತೂ ಓದಲಿಲ್ರಿ, ನನ್ನ ತಲಿಗೆ ಹತ್ತಲಿಲ್ಲ. ಇಕಿಗೆ ಹತ್ತೇತಿ" ಎಂದ. ನಲವತ್ತೊಂದು ಎಂಬ ಮಾತು ನನ್ನ ನಾಲಗೆಯವರೆಗೆ ಬಂದು ಹಿಂದೆ ಹೋಯಿತು. ಹೇಳಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತೋ ನನಗೆ ಹಗುರಾಗುತ್ತಿತ್ತೋ ಎಂದು ತೀರ್ಮಾನಿಸಲಾರದೆ ಚಹಾ ಕುಡಿದು ಎದ್ದೆ. ಇಂದಿಗೂ ಹೇಳಿಲ್ಲ.

ಇದನ್ನು ಹೇಳಿ ಮುಗಿಸಿದಾಗ ಸಭೆಯಲ್ಲಿ ಚಪ್ಪಾಳೆಯೇನೂ ಬರಲಿಲ್ಲ. ಒಬ್ಬ ಹಿರಿಯ ಶಿಕ್ಷಕರು ಮಾತ್ರ, "ಈಗೂ ನಡೀತೈತ್ರಿ" ಎಂದರು, ಯಾರ ಮುಖವನ್ನೂ ನೋಡದೆ.

ಊರಿಗೆ ಮರಳಿದ ಮೇಲೆ ಚನ್ನಬಸಪ್ಪನವರ ಕಾಲವನ್ನು ಇನ್ನೊಮ್ಮೆ ತೆಗೆದು ನೋಡಿದೆ. ನನ್ನ ಭಾಷಣದಲ್ಲಿ ಅವರೊಬ್ಬ ವೀರಪುರುಷ. ಆದರೆ ಅವರು ಕೆಲಸ ಮಾಡಿದ ವ್ಯವಸ್ಥೆ ಎಂಥದು? 1862ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಹೊಸ ಸಂಹಿತೆ ಜಾರಿಗೆ ಬಂತು. ಇನ್ಸ್‌ಪೆಕ್ಟರ್ ಬಂದು ಮಕ್ಕಳ ಓದು, ಬರಹ, ಲೆಕ್ಕ ಪರೀಕ್ಷಿಸಿ, ಎಷ್ಟು ಜನ ತೇರ್ಗಡೆಯಾದರೋ ಅದಕ್ಕೆ ತಕ್ಕಂತೆ ಶಾಲೆಗೆ ಹಣ. ಫಲಿತಾಂಶಕ್ಕೆ ತಕ್ಕ ಅನುದಾನವೆಂಬ ಈ ಪದ್ಧತಿ ಅದೇ ಶತಮಾನದಲ್ಲಿ ಮುಂಬಯಿ ಇಲಾಖೆಗೂ ಬಂದಿತು. ಇಂಗ್ಲೆಂಡಿನಲ್ಲಿ ಇದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಒಬ್ಬ ಸ್ವತಃ ಇನ್ಸ್‌ಪೆಕ್ಟರ್, ನಮ್ಮ ಎಂ.ಎ. ತರಗತಿಗಳಲ್ಲಿ ಕವಿಯೆಂದೂ ವಿಮರ್ಶಕನೆಂದೂ ಮಾತ್ರ ಓದುವ ಮ್ಯಾಥ್ಯೂ ಆರ್ನಲ್ಡ್. 1851ರಿಂದ ಮೂವತ್ತೈದು ವರ್ಷ ಅವನು ಶಾಲೆಗಳನ್ನು ತಪಾಸಣೆ ಮಾಡಿಯೇ ಹೊಟ್ಟೆ ಹೊರೆದ. ಹಣವನ್ನು ಪರೀಕ್ಷೆಗೆ ಕಟ್ಟಿದರೆ ಬೋಧನೆ ಯಾಂತ್ರಿಕವಾಗುತ್ತದೆ, ಮಕ್ಕಳು ಪುಸ್ತಕವನ್ನು ಬಾಯಿಪಾಠ ಮಾಡಿಯಾರೇ ಹೊರತು ಓದಲು ಕಲಿಯಲಾರರು ಎಂಬುದು ಅವನ ತಕರಾರು. ಚನ್ನಬಸಪ್ಪನವರಿಗಿಂತ ಹನ್ನೊಂದು ವರ್ಷ ಹಿರಿಯ, ಅವರ ಸಮಕಾಲೀನ. ಇಬ್ಬರೂ ಶಾಲಾ ತಪಾಸಣಾಧಿಕಾರಿಗಳು, ಇಬ್ಬರೂ ಸಾಹಿತಿಗಳು. ಇವರನ್ನು ಒಟ್ಟಿಗೆ ಇರಿಸಿ ಯಾರಾದರೂ ಸಂಶೋಧಕರು ಒಂದು ಅಧ್ಯಯನ ಮಾಡಬಾರದೇಕೆ ಎಂದು ನನಗೆ ಅನಿಸುತ್ತದೆ. ಆರ್ನಲ್ಡನ 'ಸಂಸ್ಕೃತಿ'ಯ ಚರ್ಚೆಯನ್ನು ನಾವು ಬೇಕಾದಷ್ಟು ಮಾಡಿದ್ದೇವೆ. ಅವನ ತಪಾಸಣಾ ವರದಿಗಳನ್ನು ಓದಿದವರು ಕಡಿಮೆ.

ಆ ದಿನಗಳಲ್ಲಿ ನನ್ನನ್ನು ಕಾಡಿದ ಇನ್ನೊಂದು ಸಂಗತಿ ಕ್ರಮದ್ದು. ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳುತ್ತಾರೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದು, ಆಮೇಲೆ ಪ್ರಶ್ನೆ, ಆಮೇಲೆ ಮನನ, ಆಮೇಲೆ ಪುನರಾವರ್ತನೆ, ಎಲ್ಲಕ್ಕೂ ಕೊನೆಗೆ ಉಪದೇಶ. ಇದನ್ನು ಎಷ್ಟೋ ಸಲ ಪಾಠ ಹೇಳಿದವನು ನಾನು. ನವಲಗುಂದಕ್ಕೆ ಹೋದಾಗ ನೇರವಾಗಿ ಐದನೆಯದಕ್ಕೇ ಕೈಹಾಕಿದ್ದೆ. ಶಿಕ್ಷಕರ ತರಬೇತಿಗಳಲ್ಲಿ ನಾನು ಕಂಡದ್ದೂ ಬಹುಮಟ್ಟಿಗೆ ಇದೇ. ಉಪದೇಶದಿಂದ ಆರಂಭ, ಉಪದೇಶದಿಂದ ಮುಕ್ತಾಯ, ನಡುವೆ ಚಹಾ.

ಜುಲೈಯಲ್ಲಿ ಮುಖ್ಯೋಪಾಧ್ಯಾಯರು ಮತ್ತೆ ಫೋನು ಮಾಡಿದರು. ಭಾಷಣ ಬೇಡ, ಸುಮ್ಮನೆ ಬಂದು ಕೂಡಿ ಎಂದರು. ಎರಡನೆಯ ಶನಿವಾರ ಮಧ್ಯಾಹ್ನ ಏಳೆಂಟು ಜನ ಸೇರಿ ಓದುತ್ತಿದ್ದರು. ಸೇರಿದ್ದಕ್ಕೆ ವರದಿ ಬರೆಯಬಾರದು, ಫೋಟೋ ತೆಗೆದು ಗುಂಪಿಗೆ ಹಾಕಬಾರದು ಎಂಬುದು ಅವರೇ ಮಾಡಿಕೊಂಡ ನಿಯಮ. ಗಣಿತದ ಶಿಕ್ಷಕಿಯನ್ನು ಮತ್ತೆ ಕರೆದಿದ್ದರು, ಅವರೂ ಇದ್ದರು. ಆಗಸ್ಟಿನಲ್ಲಿ ಹೆಸರು ಬಿಡಿಸುವ ಕಾಲಕ್ಕೆ ಯಾವ ಮಕ್ಕಳು ತಪ್ಪುತ್ತಾರೆ, ಅವರನ್ನು ಸೆಪ್ಟೆಂಬರಿನಲ್ಲಿ ಎಲ್ಲಿಂದ ಹಿಡಿದು ಕಲಿಸಬೇಕು ಎಂದು ಪಟ್ಟಿ ಮಾಡುತ್ತಿದ್ದರು. ಹೆಸರುಗಳ ಮುಂದೆ ಅಂಕಗಳಿರಲಿಲ್ಲ, ಹೊಲಗಳ ಹೆಸರಿದ್ದವು. ನಾನು ನಾಲ್ಕು ಸಲ ಹೋದೆ. ಒಂದು ಸಲ ಶಂ.ಬಾ. ಜೋಶಿಯವರ ಮಾತು ಬಂತು. ಮುಲ್ಕಿ ಪಾಸಾಗಿ ಶಾಲಾ ಮಾಸ್ತರಾಗಿದ್ದುಕೊಂಡೇ ಕನ್ನಡದ ಬೇರುಗಳನ್ನು ಅಗೆದವರು ಅವರು. ಒಬ್ಬರು ನಕ್ಕು, "ಅವರಿಗೆ ಸ್ಯಾಟ್ಸ್ ಇರಲಿಲ್ರಿ" ಎಂದರು.

ಆ ವರ್ಷ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಿಸಲು 'ಮಿಷನ್ ವಿದ್ಯಾಕಾಶಿ' ಎಂಬ ಕಾರ್ಯಕ್ರಮ ನಡೆಯಿತು, ಅದರ ಬಗ್ಗೆ ಪತ್ರಿಕೆಗಳು ಸಾಕಷ್ಟು ಬರೆದಿವೆ. 2025ರ ಪರೀಕ್ಷೆಗೆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಮೊದಲ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 66.14ಕ್ಕೆ ನಿಂತಿತು.

ಮೇ ತಿಂಗಳಲ್ಲಿ ಮುಖ್ಯೋಪಾಧ್ಯಾಯರು ಧಾರವಾಡಕ್ಕೆ, ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಕಾಗದ. ಅವರ ಶಾಲೆಯ ಅಂಕಿಯೂ ಇಳಿದಿತ್ತು, ವಿವರಣೆ ಕೇಳಿದ್ದರು. ಉತ್ತರ ಬರೆದು ತಂದಿದ್ದರು, ಭಾಷೆ ತಿದ್ದಿಕೊಡಬೇಕಂತೆ. ಕನ್ನಡಕ ಹಾಕಿಕೊಂಡು ಓದಿದೆ. ಹಿಂದಿನ ವರ್ಷ ಒಂಬತ್ತನೆಯ ತರಗತಿಯಲ್ಲಿ ಯಾರನ್ನೂ ತಡೆದಿಲ್ಲ. ಮೆಣಸಿನಕಾಯಿ ಬಿಡಿಸಲು ಹೋಗಿದ್ದ ಮೂವರೂ ಸೇರಿ ಪಟ್ಟಿಯಲ್ಲಿದ್ದವರೆಲ್ಲ ಶಾಲೆಯಿಂದಲೇ ಪರೀಕ್ಷೆಗೆ ಕುಳಿತಿದ್ದಾರೆ. ಮೂವರಲ್ಲಿ ಒಬ್ಬಳು ಉತ್ತೀರ್ಣಳಾಗಿದ್ದಾಳೆ, ಉಳಿದ ಇಬ್ಬರನ್ನು ಎರಡನೆಯ ಪರೀಕ್ಷೆಗೆ ನೋಂದಾಯಿಸಲಾಗಿದೆ, ಪಾಠ ನಡೆದಿದೆ. ಕೆಳಗೆ ಎಲ್ಲ ಶಿಕ್ಷಕರ ಸಹಿಗಳಿದ್ದವು, ಅತಿಥಿ ಶಿಕ್ಷಕಿಯದೂ. ಸಹಿ ಮಾಡುವ ಅಗತ್ಯ ಅವರಿಗೆ ಇರಲಿಲ್ಲ.

ಎರಡು ಕಡೆ ಮಹಾಪ್ರಾಣ ತಪ್ಪಿತ್ತು, ತಿದ್ದಿದೆ. 'ಕ್ಷಮೆ ಇರಲಿ' ಎಂದು ಕೊನೆಗೊಂದು ವಾಕ್ಯವಿತ್ತು, ಅದನ್ನು ಹೊಡೆದು ಹಾಕಿದೆ. ಉಳಿದದ್ದನ್ನು ಇದ್ದ ಹಾಗೆಯೇ ಬಿಟ್ಟು ಕಾಗದ ಮರಳಿಸಿದೆ. ಅವರಿಗೆ ಸಂಜೆಯ ನವಲಗುಂದದ ಬಸ್ಸು ಹಿಡಿಯಬೇಕಿತ್ತು.